ನಿಮಗಿದು ಗೊತ್ತೇ? ಆದೋನಿಯ ಗುಡ್ಡಕ್ಕೂ ಕೆನಡಾದ ಹಿಮಕ್ಕೂ ಇದ್ದ ನಂಟು!

ರಾಯರ ದರ್ಶನಕ್ಕೆಂದು ಗುಂತಕಲ್ಲಿನಿಂದ ಮಂತ್ರಾಲಯಂ ರೋಡ್ ಕಡೆ ರೈಲಿನಲ್ಲಿ ಹೋಗಿದ್ದೀರಾ? ನಡುವೆ ಆದೋನಿ ಬರುತ್ತದೆ. ನಮ್ಮ ಹಳಬರ ಬಾಯಲ್ಲಿ ಆದವಾನಿ. ಬಂಡೆಗಳನ್ನು ಪೇರಿಸಿಟ್ಟಂಥ ಅಲ್ಲಿನ ಗುಡ್ಡಗಳ ಮೇಲೆ ಪಾಳುಬಿದ್ದ ಕೋಟೆಯೊಂದಿದೆ. ಅಮೆರಿಕದ ಕಾಡುಗಳಲ್ಲಿ ಫ್ರೆಂಚರೂ ಇಂಗ್ಲಿಷರೂ ಹೊಡೆದಾಡುತ್ತಿದ್ದ ಕಾಲದಲ್ಲಿ ಅದೇ ಜಗಳದ ಹಗ್ಗದ ಇನ್ನೊಂದು ತುದಿ ಇದೇ ಕೋಟೆಗೆ ಸುತ್ತಿಕೊಂಡಿತ್ತು. ನಂಬಿಕೆ ಬರುತ್ತಿಲ್ಲವೇ? ಕೇಳಿ!

ಇಂಗ್ಲಿಷರು ಅಮೆರಿಕದ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದ್ದು 1607ರಲ್ಲಿ. ಫ್ರೆಂಚರು ಕೆನಡಾದ ಕ್ವಿಬೆಕ್‌ನಲ್ಲಿ ಗುಡಾರ ಹೊಡೆದದ್ದು 1608ರಲ್ಲಿ. ಅಂತರ ಒಂದೇ ವರ್ಷ! ಅಲ್ಲಿ ಫ್ರೆಂಚರ ಕಣ್ಣು ಬೀವರ್ ಎಂಬ ನೀರುಪ್ರಾಣಿಯ ತುಪ್ಪಳದ ಮೇಲೆ. ಯುರೋಪಿನ ಸಿರಿವಂತರ ಟೋಪಿ ಆಗುತ್ತಿದ್ದದ್ದು ಅದರಿಂದಲೇ. ಇಲ್ಲಿ ಇಬ್ಬರ ಕಣ್ಣೂ ನಮ್ಮ ಹತ್ತಿಬಟ್ಟೆಯ ಮೇಲೆ. ಅಲ್ಲಿ ಟೋಪಿ, ಇಲ್ಲಿ ಬಟ್ಟೆ, ಜಗಳ ಒಂದೇ!

ಅಮೆರಿಕದ ನೆಲದಲ್ಲಿ ಇವರಿಬ್ಬರೂ ಕಾದಾಡಿದ ದೊಡ್ಡ ಯುದ್ಧಕ್ಕೆ ಅಲ್ಲಿನವರು ಇಟ್ಟ ಹೆಸರೇನು ಗೊತ್ತೇ? ‘ಫ್ರೆಂಚ್ ಅಂಡ್ ಇಂಡಿಯನ್ ವಾರ್’! ಆದರೆ ಆ ‘ಇಂಡಿಯನ್’ ನಾವಲ್ಲ. ಕೊಲಂಬಸ್ ತಪ್ಪು ತಿಳಿದು ಹಾಗೆ ಕರೆದ ಅಲ್ಲಿನ ಮೂಲನಿವಾಸಿಗಳು. ನಿಜವಾದ ಇಂಡಿಯಾದಲ್ಲೂ ಅದೇ ಹೊತ್ತಿಗೆ ಅದೇ ಇಬ್ಬರ ಯುದ್ಧ ನಡೆಯುತ್ತಿತ್ತು ಎಂಬುದೇ ಸೋಜಿಗ!

ಆ ಯುದ್ಧದ ಮೊದಲ ಕಿಡಿ ಹಾರಿಸಿದ್ದು ಯಾರು? 22 ವರ್ಷದ ಒಬ್ಬ ಹುಡುಗ. 1754ರ ಮೇ ತಿಂಗಳಲ್ಲಿ ಕಾಡಿನೊಳಗೆ ಫ್ರೆಂಚರ ಸಣ್ಣ ಗುಂಪೊಂದರ ಮೇಲೆ ಎರಗಿದ. ಜುಲೈನಲ್ಲಿ ತಾನೇ ಫ್ರೆಂಚರಿಗೆ ಶರಣಾದ. ಆ ಹುಡುಗ ಜಾರ್ಜ್ ವಾಷಿಂಗ್ಟನ್! ಅದೇ 1754ರಲ್ಲಿ ಪಾಂಡಿಚೇರಿಯ ಗವರ್ನರ್ ಡೂಪ್ಲೆಯನ್ನು ಫ್ರಾನ್ಸ್ ವಾಪಸ್ ಕರೆಸಿಕೊಂಡಿತು. ಅಲ್ಲೊಬ್ಬನ ಕಥೆ ಆರಂಭ, ಇಲ್ಲೊಬ್ಬನ ಕಥೆ ಮುಗಿತಾಯ!

ಇನ್ನು ಇದನ್ನು ಕೇಳಿದರೆ ನೀವು ಮೂಗಿನ ಮೇಲೆ ಬೆರಳಿಡುತ್ತೀರಿ. ಇಡೀ ಮದ್ರಾಸ್ ನಗರವನ್ನು ಒಮ್ಮೆ ಕೆನಡಾದ ಒಂದು ಕೋಟೆಗೆ ಅದಲು ಬದಲು ಮಾಡಿಕೊಂಡಿದ್ದರು! 1745ರಲ್ಲಿ ಅಮೆರಿಕದ ಇಂಗ್ಲಿಷ್ ವಸಾಹತಿನವರು ಫ್ರೆಂಚರ ಲೂಯಿಸ್‌ಬರ್ಗ್ ಕೋಟೆ ಹಿಡಿದರು. 1746ರಲ್ಲಿ ಫ್ರೆಂಚರು ಇಲ್ಲಿ ಇಂಗ್ಲಿಷರ ಮದ್ರಾಸ್ ಹಿಡಿದರು. 1748ರ ಒಪ್ಪಂದದಲ್ಲಿ ‘ನಿಮ್ಮದು ನಿಮಗೆ, ನಮ್ಮದು ನಮಗೆ’ ಎಂದು ಮರಳಿಸಿಕೊಂಡರು. ಲೂಯಿಸ್‌ಬರ್ಗಿಗಾಗಿ ಜೀವ ತೆತ್ತ ಅಮೆರಿಕದವರಿಗೆ ಕೆಂಡದಂಥ ಕೋಪ ಬಂತು. ಎಲ್ಲೋ ಇರುವ ಮದ್ರಾಸಿಗಾಗಿ ನಮ್ಮ ಗೆಲುವನ್ನು ಬಿಟ್ಟುಕೊಟ್ಟಿರಾ ಎಂದು! ಅವರ ಸಿಟ್ಟಿನಲ್ಲಿ ನ್ಯಾಯವಿತ್ತು ಎಂದೇ ನನಗೆ ಅನ್ನಿಸುತ್ತದೆ.

ಈಗ ಆದೋನಿಗೆ ಬನ್ನಿ. ಹೈದರಾಬಾದಿನ ಮೊದಲ ನಿಜಾಮನಿಗೆ ಮಗಳ ಮಗನೊಬ್ಬನಿದ್ದ. ಹೆಸರು ಮುಜಫರ್ ಜಂಗ್. ಆದೋನಿ ಅವನ ಕೈಯಲ್ಲಿತ್ತು. ತಾತ ತೀರಿಕೊಂಡ ಮೇಲೆ ಗಾದಿಗಾಗಿ ಸೋದರಮಾವ ನಾಸಿರ್ ಜಂಗನ ಮೇಲೆ ತಿರುಗಿಬಿದ್ದ. ಅವನ ಬೆನ್ನಿಗೆ ನಿಂತವನು ಡೂಪ್ಲೆ. 1750ರ ಡಿಸೆಂಬರಿನಲ್ಲಿ ಮಾವ ಸತ್ತ, ಅಳಿಯ ಗಾದಿಗೇರಿದ. ಅಂದರೆ ಡೂಪ್ಲೆ ದಖ್ಖನ್ನಿನ ಗಾದಿಗೆ ಕೂರಿಸಿದವನು ನಮ್ಮ ಆದೋನಿಯ ಒಡೆಯ!

ಆ ಸುಖ ಎಷ್ಟು ದಿನ? ಎರಡೇ ತಿಂಗಳು! 1751ರ ಫೆಬ್ರವರಿಯಲ್ಲಿ ಹೈದರಾಬಾದಿಗೆ ಹೊರಟ ದಾರಿಯಲ್ಲಿ, ರಾಯಚೋಟಿಯ ಹತ್ತಿರ, ಕರ್ನೂಲಿನ ನವಾಬನ ಈಟಿಗೆ ಬಲಿಯಾದ. ಆ ನವಾಬನೂ ಅಲ್ಲೇ ಹತನಾದ. ಜೊತೆಯಲ್ಲಿದ್ದ ಫ್ರೆಂಚ್ ಸೇನಾಪತಿ ಬುಸ್ಸಿಯ ಹತ್ತಿರ ಇದ್ದದ್ದು ಸುಮಾರು 300 ಫ್ರೆಂಚ್ ಸೈನಿಕರು ಮತ್ತು 2000 ಸಿಪಾಯಿಗಳು. ಅಷ್ಟರಲ್ಲೇ ಅವನು ಮೊದಲ ನಿಜಾಮನ ಮಗ ಸಲಾಬತ್ ಜಂಗನನ್ನು ಹೊಸ ಒಡೆಯ ಎಂದು ಸಾರಿಬಿಟ್ಟ. ಅಲ್ಲಿಂದ ಮುಂದೆ ನಡೆದು ಕರ್ನೂಲು ಕೋಟೆಯನ್ನು ನುಗ್ಗಿ ಹಿಡಿದ. ಕ್ವಿಬೆಕ್‌ನಲ್ಲಿ ಹಾರುತ್ತಿದ್ದ ಬಾವುಟದವರು ತುಂಗಭದ್ರೆಯ ದಂಡೆಯ ಕೋಟೆಗೆ ಲಗ್ಗೆ ಹಾಕಿದ್ದರು ನೋಡಿ!

ಬುಸ್ಸಿ ಇನ್ನೊಂದು ಕೆಲಸವನ್ನೂ ಮಾಡಿದ. ಅದು ನನಗೆ ತುಂಬ ಹಿಡಿಸಿದ ಸಂಗತಿ. ಸತ್ತ ಮುಜಫರ್ ಜಂಗನಿಗೆ ಪುಟ್ಟ ಮಗನಿದ್ದ. ಗಾದಿ ಕೈತಪ್ಪಿದ ಮಕ್ಕಳ ಗತಿ ಆ ಕಾಲದಲ್ಲಿ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಬುಸ್ಸಿ ಪಟ್ಟು ಹಿಡಿದು ಆ ಕೂಸಿಗೆ ತಂದೆಯ ಆದೋನಿಯನ್ನು ಕೊಡಿಸಿದ. ಆದೋನಿಯ ಗಾದಿಗೆ ಯಾರು ಕೂರಬೇಕೆಂಬುದು ಆಗ ಒಬ್ಬ ಫ್ರೆಂಚನ ಮಾತಿನ ಮೇಲೆ ನಿಂತಿತ್ತು!

ಮುಂದೆ ಆದೋನಿ ನಿಜಾಮನ ಇನ್ನೊಬ್ಬ ಮಗ ಬಸಾಲತ್ ಜಂಗನ ಪಾಲಾಯಿತು. ಈ ಮನುಷ್ಯನ ಹೆಸರು ನೆನಪಿಡಿ. ನಮ್ಮ ಕಥೆಯ ನಾಯಕ ಇವನೇ!

1759ರ ಸೆಪ್ಟೆಂಬರಿನಲ್ಲಿ ಕೆನಡಾದ ಕ್ವಿಬೆಕ್ ಇಂಗ್ಲಿಷರ ವಶವಾಯಿತು. ಕೆಲವೇ ವಾರಗಳಲ್ಲಿ, ಅಕ್ಟೋಬರಿನಲ್ಲಿ, ಬುಸ್ಸಿ ಕಡಪದ ಸೀಮೆಗೆ ಹೊರಟ. ಯಾರನ್ನು ಕಾಣಲು? ಬಸಾಲತ್ ಜಂಗನನ್ನು! ‘ದಂಡು ಕಟ್ಟಿಕೊಂಡು ಬಾ, ಇಂಗ್ಲಿಷರ ಮೇಲೆ ಹೋಗೋಣ’ ಎಂದು ಕರೆಯಲು. ಬಸಾಲತ್ ಜಂಗ್ ಹಿಂದೆ ಮುಂದೆ ನೋಡಿದ, ಬರಲಿಲ್ಲ. ಬುಸ್ಸಿ ಹೆಚ್ಚುಕಡಿಮೆ ಬರಿಗೈಯಲ್ಲೇ ಮರಳಿದ. 1760ರ ಜನವರಿಯಲ್ಲಿ ವಂದವಾಸಿಯಲ್ಲಿ ಫ್ರೆಂಚರು ಸೋತರು, ಬುಸ್ಸಿ ಸೆರೆಯಾದ. ಅದೇ ವರ್ಷ ಕೆನಡಾದ ಮಾಂಟ್ರಿಯಲ್ ಬಿತ್ತು. ಮರುವರ್ಷ ಪಾಂಡಿಚೇರಿ ಬಿತ್ತು. ಎರಡು ಖಂಡ, ಒಂದೇ ಸೋಲು!

1763ರಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಂದವಾಯಿತು. ಫ್ರಾನ್ಸ್ ಇಡೀ ಕೆನಡಾವನ್ನು ಬಿಟ್ಟುಕೊಟ್ಟಿತು. ಉಳಿಸಿಕೊಂಡದ್ದೇನು? ಗ್ವಾಡಲೂಪ್, ಮಾರ್ಟಿನೀಕ್ ಎಂಬ ಸಣ್ಣ ಸಕ್ಕರೆ ದ್ವೀಪಗಳು! ಮೀನು ಹಿಡಿಯಲು ಕೆನಡಾದ ಬಳಿ ಎರಡು ಪುಟ್ಟ ದ್ವೀಪಗಳು. ಮತ್ತೆ, ಅದೇ ಕಾಗದದ ಮೇಲೆ, ನಮ್ಮ ಪಾಂಡಿಚೇರಿ. ಬಂಗಾಳದಲ್ಲಿ ಕೋಟೆ ಕಟ್ಟಬಾರದು, ಸೈನ್ಯ ಇಡಬಾರದು ಎಂಬ ಷರತ್ತಿನ ಮೇಲೆ!

ಫ್ರೆಂಚರ ಕಥೆ ಮುಗಿಯಿತು ಅಂದುಕೊಂಡಿರಾ? ಇಲ್ಲ! ರಾಜ್ಯ ಹೋದ ಮೇಲೂ ಫ್ರೆಂಚ್ ಸಿಪಾಯಿಗಳು ಇಲ್ಲೇ ಉಳಿದರು. ಅವರಲ್ಲೊಂದು ಪಡೆಗೆ ಕೆಲಸ ಕೊಟ್ಟವನು ಆದೋನಿಯ ಬಸಾಲತ್ ಜಂಗ್! ಗುಂಟೂರು ಸೀಮೆಯೂ ಅವನ ಜಹಗೀರು. ಅಲ್ಲಿನ ಮೋಟುಪಲ್ಲಿ ಎಂಬ ಸಣ್ಣ ಬಂದರಿನಲ್ಲಿ ಫ್ರೆಂಚ್ ಆಳುಗಳೂ ಸರಕೂ ಇಳಿಯುತ್ತಿದ್ದವು. ಮದ್ರಾಸಿನ ಇಂಗ್ಲಿಷರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಎಲ್ಲ ಕಡೆ ಸೋಲಿಸಿ ಓಡಿಸಿದ ಶತ್ರು ಆದೋನಿಯಲ್ಲಿ ಬೆಚ್ಚಗೆ ಕೂತಿದ್ದ!

ಆ ಪಡೆಯ ದಳಪತಿಯ ಹೆಸರು ಲಾಲಿ. ವಂದವಾಸಿಯಲ್ಲಿ ಸೋತು, 1766ರಲ್ಲಿ ಪ್ಯಾರಿಸ್‌ನಲ್ಲಿ ತಲೆ ಕಳೆದುಕೊಂಡ ದೊಡ್ಡ ಲಾಲಿಯೇ ಬೇರೆ, ಇವನೇ ಬೇರೆ. 1775ರಲ್ಲಿ ಬಳ್ಳಾರಿಯ ಪಾಳೆಯಗಾರ ಬಸಾಲತ್ ಜಂಗನಿಗೆ ಕಪ್ಪ ಕೊಡುವುದಿಲ್ಲ ಎಂದ. ಬಸಾಲತ್ ಜಂಗ್ ಲಾಲಿಯ ಪಡೆಯನ್ನು ಕಳಿಸಿ ಬಳ್ಳಾರಿಗೆ ಮುತ್ತಿಗೆ ಹಾಕಿಸಿದ. ಪಾಳೆಯಗಾರ ಹೈದರಾಲಿಗೆ ಮೊರೆಯಿಟ್ಟ. ಹೈದರ್ ಶ್ರೀರಂಗಪಟ್ಟಣದಿಂದ ಎಷ್ಟು ದಿನದಲ್ಲಿ ಬಂದ ಗೊತ್ತೇ? ಐದೇ ದಿನ ಎನ್ನುತ್ತಾರೆ! ದಾರಿಯಲ್ಲಿ ಸಿಪಾಯಿಗಳು ದಣಿದು ಬೀಳುತ್ತಿದ್ದರೂ ನಿಲ್ಲಲಿಲ್ಲವಂತೆ. ಮುತ್ತಿಗೆ ಹಾಕಿದವರಿಗೆ ಎಚ್ಚರವಾಗುವ ಮೊದಲೇ ಮೇಲೆ ಬಿದ್ದ. ಲಾಲಿ ಕೂದಲೆಳೆಯಲ್ಲಿ ಪಾರಾದ. ಮೊರೆ ಕೇಳಿ ಬಂದ ಹೈದರ್ ಬಳ್ಳಾರಿಯನ್ನು ಪಾಳೆಯಗಾರನಿಗೆ ಬಿಟ್ಟನೇ? ತಾನೇ ಇಟ್ಟುಕೊಂಡ!

ಬಳ್ಳಾರಿಯವರನ್ನು ಕೇಳಿದರೆ ಇನ್ನೊಂದು ಕಥೆ ಹೇಳುತ್ತಾರೆ. ಹೈದರ್ ಒಬ್ಬ ಫ್ರೆಂಚ್ ಎಂಜಿನಿಯರಿನಿಂದ ಅಲ್ಲಿನ ಕೋಟೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ! ಅಲ್ಲಿ ಫಿರಂಗಿ ಇಟ್ಟರೆ ಕೋಟೆಯ ಗತಿ? ಹೈದರನ ಸಿಟ್ಟಿಗೆ ಆ ಎಂಜಿನಿಯರ್ ನೇಣಿಗೇರಿದನಂತೆ. ಊರಿನ ಬಾಯಲ್ಲಿ ಇಂದಿಗೂ ಓಡಾಡುವ ಕಥೆ ಇದು.

ಇನ್ನು ಎಲ್ಲಕ್ಕಿಂತ ದೊಡ್ಡ ಸೋಜಿಗ. ಅಮೆರಿಕದವರು ಇಂಗ್ಲಿಷರ ವಿರುದ್ಧ ದಂಗೆ ಎದ್ದದ್ದು ನಿಮಗೆ ಗೊತ್ತು. 1778ರಲ್ಲಿ ಫ್ರಾನ್ಸ್ ಅವರ ಪಕ್ಷ ಸೇರಿತು. ಅದರ ಬಿಸಿ ತಟ್ಟಿದ್ದು ಎಲ್ಲಿಗೆ? ನಮ್ಮಲ್ಲಿಗೆ! ಇಂಗ್ಲಿಷರು ಅದೇ ವರ್ಷ ಪಾಂಡಿಚೇರಿ ಹಿಡಿದರು. 1779ರ ಮಾರ್ಚಿನಲ್ಲಿ ಮಾಹೆ ಹಿಡಿದರು. ಹೈದರನಿಗೆ ಮದ್ದುಗುಂಡು ಬರುತ್ತಿದ್ದದ್ದು ಆ ಮಾಹೆಯಿಂದಲೇ. ಇಷ್ಟರ ನಡುವೆ ಬಸಾಲತ್ ಜಂಗನೊಡನೆ ಗುಟ್ಟಾಗಿ ಕರಾರು ಮಾಡಿಕೊಂಡರು. ಫ್ರೆಂಚರನ್ನು ಕೆಲಸದಿಂದ ತೆಗೆದುಹಾಕು, ಗುಂಟೂರನ್ನು ನಮಗೆ ಗುತ್ತಿಗೆ ಕೊಡು, ನಿನ್ನ ಕಾವಲಿಗೆ ನಮ್ಮ ಪಡೆ ಕಳಿಸುತ್ತೇವೆ ಎಂದು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಆದೋನಿಯ ಬಾಗಿಲು ತಟ್ಟಿತ್ತು!

ಆ ಪಡೆ ಆದೋನಿ ಮುಟ್ಟಿತೇ? ಇಲ್ಲ! ಗುಂಟೂರಿನಿಂದ ಆದೋನಿಗೆ ಹೊರಟ ದಾರಿ ಹೈದರನ ಕಡಪ ಸೀಮೆಯ ಮೇಲೆ ಹಾಯುತ್ತಿತ್ತು. ಅವನ ಅಪ್ಪಣೆಯನ್ನೇ ಇಂಗ್ಲಿಷರು ಕೇಳಿರಲಿಲ್ಲ. ಹೈದರನ ಜನ ಕಣಿವೆಯಲ್ಲಿ ಮರ ಕಡಿದು ಅಡ್ಡ ಹಾಕಿದರು. ಇಂಗ್ಲಿಷ್ ಪಡೆ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಿತು. ಹೈದರನ ದಂಡು ಆದೋನಿಯ ಸೀಮೆಗೇ ನುಗ್ಗಿತು. ತಮ್ಮ ಬಸಾಲತ್ ಜಂಗನನ್ನು ಇಂಗ್ಲಿಷರು ಒಳಗೆ ಹಾಕಿಕೊಂಡದ್ದಕ್ಕೆ ಆಗ ನಿಜಾಮನಾಗಿದ್ದ ಅಣ್ಣನಿಗೂ ಉರಿಯಿತು. ಬಸಾಲತ್ ಜಂಗ್ ಬಿಟ್ಟ ಫ್ರೆಂಚರನ್ನು ಅವನು ತಾನೇ ಕೆಲಸಕ್ಕೆ ಇಟ್ಟುಕೊಂಡ! ಎರಡನೇ ಮೈಸೂರು ಯುದ್ಧಕ್ಕೆ ಮಾಹೆಯ ಜೊತೆ ಆದೋನಿಯೂ ಕಾರಣ ಎಂದರೆ ಅದರಲ್ಲಿ ಒಂದಿಷ್ಟೂ ಅತಿಶಯವಿಲ್ಲ.

ಗುಂಟೂರಿನ ಆ ಇಂಗ್ಲಿಷ್ ಪಡೆ ಮುಂದೆ ಏನಾಯಿತು? ಕರ್ನಲ್ ಬೇಲಿಯ ಕೈಕೆಳಗೆ ದಕ್ಷಿಣಕ್ಕೆ ನಡೆಯಿತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಅದನ್ನು ನುಚ್ಚುನೂರು ಮಾಡಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆ ತುಂಬ ಇರುವ ಚಿತ್ರ ಇದೇ ಯುದ್ಧದ್ದು. ಮುಂದಿನ ಸಲ ಹೋದಾಗ ಆ ಚಿತ್ರದಲ್ಲಿ ದುರ್ಬೀನು ಹಿಡಿದ ಫ್ರೆಂಚನನ್ನು ಹುಡುಕಿ. ಅವನೇ ಲಾಲಿ! ಬಳ್ಳಾರಿಯಲ್ಲಿ ಹೈದರನಿಗೆ ಹೆದರಿ ಓಡಿದವನು ಇಲ್ಲಿ ಹೈದರನ ಚಾಕರಿಯಲ್ಲಿದ್ದಾನೆ. ಆದೋನಿಯ ಹಳೇ ನೌಕರ!

ಹೈದರನ ಹೆಸರು ಅಮೆರಿಕದವರ ಬಾಯಿಗೂ ಬಂತು. ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧದ ಹಡಗೊಂದಕ್ಕೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟಿದ್ದರು! 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ‘ಜನರಲ್ ಮಾಂಕ್’ ಎಂಬ ಇಂಗ್ಲಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ಕವಿ ಫಿಲಿಪ್ ಫ್ರೆನೋ ಆ ಹಡಗಿನ ಮೇಲೆ ಪದ್ಯವನ್ನೂ ಬರೆದ. ನಮ್ಮ ಕನ್ನಡ ನಾಡಿನ ದೊರೆಯ ಹೆಸರು ಫಿಲಡೆಲ್ಫಿಯಾದ ಬೀದಿಗಳಲ್ಲಿ!

ಆ ಅಮೆರಿಕ ಯುದ್ಧದ ಕೊನೆಯ ಕಾಳಗಗಳಲ್ಲೊಂದು ನಡೆದದ್ದು ಎಲ್ಲಿ? ತಮಿಳುನಾಡಿನ ಕಡಲೂರಿನಲ್ಲಿ, 1783ರ ಜೂನಿನಲ್ಲಿ! ಯುರೋಪಿನಲ್ಲಿ ಆಗಲೇ ರಾಜಿಯಾಗಿತ್ತು, ಸುದ್ದಿ ಬಂದಿರಲಿಲ್ಲ. ಫ್ರೆಂಚರ ಕಡೆ ಸೇನಾಪತಿ ಯಾರು? ನಮ್ಮ ಅದೇ ಬುಸ್ಸಿ, ಮುದುಕನಾಗಿ ಮರಳಿ ಬಂದಿದ್ದ!

1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಸೈನ್ಯವನ್ನು ಒಪ್ಪಿಸಿದ ಕಾರ್ನ್‌ವಾಲಿಸ್ ನೆನಪಿದ್ದಾನೆಯೇ? 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡವನೂ ಅವನೇ! ಅಮೆರಿಕದಲ್ಲಿ ಕಳೆದುಕೊಂಡ ಮಾನವನ್ನು ಕಾವೇರಿ ದಂಡೆಯಲ್ಲಿ ಹುಡುಕಿಕೊಂಡ.

ಬಸಾಲತ್ ಜಂಗ್ 1782ರಲ್ಲಿ ತೀರಿಕೊಂಡ. 1786ರಲ್ಲಿ ಟಿಪ್ಪು ಆದೋನಿಗೆ ಬಂದ. ಸುಮಾರು ಒಂದು ತಿಂಗಳ ಮುತ್ತಿಗೆ. ಕೋಟೆ ಸಿಕ್ಕಿದ ಮೇಲೆ ಅದರ ಫಿರಂಗಿಗಳನ್ನು ಗುತ್ತಿಗೂ ಬಳ್ಳಾರಿಗೂ ಸಾಗಿಸಿ, ಗೋಡೆಗಳನ್ನು ಕೆಡವಿಸಿದ. ಇಂದು ನೀವು ಅಲ್ಲಿ ಕಾಣುವ ಹಾಳಿನಲ್ಲಿ ಆ ತಿಂಗಳ ಗುರುತಿದೆ!

ಟಿಪ್ಪುವಿನ ರಾಕೆಟ್ಟುಗಳು ಅಮೆರಿಕ ತಲುಪಿದ್ದು ಗೊತ್ತೇ? 1799ರ ಬಳಿಕ ಇಂಗ್ಲಿಷರು ಅವನ್ನು ಇಂಗ್ಲೆಂಡಿಗೆ ಒಯ್ದರು. ಕಾಂಗ್ರೀವ್ ಎಂಬಾತ ಅದರಿಂದ ಹೊಸ ರಾಕೆಟ್ಟು ಮಾಡಿದ. 1814ರಲ್ಲಿ ಅದನ್ನು ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿಸಿದರು. ಅದನ್ನು ಕಣ್ಣಾರೆ ಕಂಡವನೊಬ್ಬ ಬರೆದ ಹಾಡೇ ಇಂದು ಅಮೆರಿಕದ ರಾಷ್ಟ್ರಗೀತೆ. ಆ ಹಾಡಿನಲ್ಲಿ ರಾಕೆಟ್ಟುಗಳ ಕೆಂಪು ಬೆಳಕು ಇಂದಿಗೂ ಉಂಟು!

ನಿಜಾಮನ ಚಾಕರಿಗೆ ಫ್ರೆಂಚರು, ಇಂಗ್ಲಿಷರು ಅಷ್ಟೇ ಅಲ್ಲ, ಅಮೆರಿಕದವನೂ ಬಂದಿದ್ದ! ಮ್ಯಾಸಚೂಸೆಟ್ಸಿನ ಜಾನ್ ಪಾರ್ಕರ್ ಬಾಯ್ಡ್. ತನ್ನದೇ ಪಡೆ ಕಟ್ಟಿ ಬಾಡಿಗೆಗೆ ಕೊಡುತ್ತಿದ್ದ. ಊರಿಗೆ ಮರಳಿ 1813ರಲ್ಲಿ ಕೆನಡಾದ ನೆಲದಲ್ಲಿ ಇಂಗ್ಲಿಷರ ಎದುರು ಸೈನ್ಯ ನಡೆಸಿದ!

ಹೈದರಾಬಾದಿನ ಮೂಸಾರಾಮ್ ಬಾಗ್ ಗೊತ್ತಲ್ಲ? ಅದು ಯಾವ ಮೂಸಾನದೂ ಅಲ್ಲ, ರಾಮನದೂ ಅಲ್ಲ. ‘ಮೊಸ್ಯೂ ರೇಮೊ’ ಎಂಬ ಫ್ರೆಂಚ್ ಸೇನಾಪತಿಯ ಹೆಸರು ಜನರ ನಾಲಗೆಯಲ್ಲಿ ಹಾಗಾಯಿತು! ಅವನು 1798ರಲ್ಲಿ ಸತ್ತ. ಅದೇ ವರ್ಷ ಇಂಗ್ಲಿಷರು ಅವನ ಪಡೆಯ ಆಯುಧ ಕಿತ್ತುಕೊಂಡರು. ನಿಜಾಮನ ನಾಡಿನಲ್ಲಿ ಫ್ರೆಂಚರ ಬಲ ಅಲ್ಲಿಗೆ ಮುಗಿಯಿತು.

ಮಳೆ ಬಿದ್ದೊಡನೆ ಆದೋನಿಯ ಆಸುಪಾಸಿನ ತುಗ್ಗಲಿ, ಜೊನ್ನಗಿರಿ, ಪತ್ತಿಕೊಂಡದ ಹೊಲಗಳಲ್ಲಿ ಜನ ಬಗ್ಗಿ ಬಗ್ಗಿ ವಜ್ರ ಹುಡುಕುತ್ತಾರೆ. ವಜ್ರದ ಮಾತು ಬಂತಲ್ಲ, ಇದನ್ನೂ ಕೇಳಿ. ಕೃಷ್ಣಾ ತೀರದ ಗಣಿಯಲ್ಲಿ ಸಿಕ್ಕ 410 ಕ್ಯಾರೆಟ್ ವಜ್ರವೊಂದನ್ನು ಮದ್ರಾಸಿನ ಗವರ್ನರ್ ಥಾಮಸ್ ಪಿಟ್ ಕೊಂಡ. 1717ರಲ್ಲಿ ಅದನ್ನು ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಿದ. ಆ ದುಡ್ಡಿನಿಂದ ಪಿಟ್ ಮನೆತನ ಏಳಿಗೆಗೆ ಬಂತು. ಅವನ ಮೊಮ್ಮಗ ವಿಲಿಯಂ ಪಿಟ್ ಇಂಗ್ಲೆಂಡಿನ ಮಂತ್ರಿಯಾಗಿ ಫ್ರೆಂಚರಿಂದ ಕೆನಡಾ ಕಿತ್ತುಕೊಂಡ! ಫ್ರೆಂಚರ ಡ್ಯೂಕೇನ್ ಕೋಟೆ ಇದ್ದ ಜಾಗ ಇಂದು ಪಿಟ್ಸ್‌ಬರ್ಗ್. ವಜ್ರ ಮಾತ್ರ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಹೊಳೆಯುತ್ತಿದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೆಸರು ಎಲ್ಲಿಂದ ಬಂತು? ಮದ್ರಾಸಿನ ಇನ್ನೊಬ್ಬ ಗವರ್ನರ್ ಎಲೈಹು ಯೇಲ್‌ನಿಂದ! 1718ರಲ್ಲಿ ಅವನು ಕಳಿಸಿದ ಸರಕಿನಲ್ಲಿ ಪುಸ್ತಕಗಳ ಜೊತೆ ಬಟ್ಟೆಯ ಮೂಟೆಗಳೂ ಇದ್ದವು. ಆ ಬಟ್ಟೆ ಮಾರಿ ಬಂದ ದುಡ್ಡನ್ನು ಕಾಲೇಜಿನ ಕಟ್ಟಡಕ್ಕೆ ಹಾಕಿದರು.

ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪದ ಹೆಣ್ಣುಮಕ್ಕಳು ಹಬ್ಬಕ್ಕೆ ಉಡುವ ಚೌಕುಳಿ ಬಟ್ಟೆಯ ಹೆಸರೇನು? ‘ಮದ್ರಾಸ್’! ಆ ದ್ವೀಪ ಫ್ರೆಂಚರಿಂದ ಇಂಗ್ಲಿಷರಿಗೆ, ಇಂಗ್ಲಿಷರಿಂದ ಫ್ರೆಂಚರಿಗೆ ಹದಿನಾಲ್ಕು ಸಲ ಕೈ ಬದಲಾಯಿಸಿತು ಎನ್ನುತ್ತಾರೆ. ಆದೋನಿಯೇನು ಕಡಿಮೆಯೇ? ವಿಜಯನಗರದ ಬಳಿಕ ಆದಿಲ್ ಶಾಹಿ, ಔರಂಗಜೇಬ್, ನಿಜಾಮ, ಟಿಪ್ಪು, ಮತ್ತೆ ನಿಜಾಮ, ಆಮೇಲೆ ಇಂಗ್ಲಿಷರು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ, ಅಂದಿನಿಂದ ಕರ್ನೂಲು ಜಿಲ್ಲೆ!

ಆದೋನಿಗೆ ಹೋದರೆ ಉಗ್ಗಾನಿ ಬಜ್ಜಿ ತಿನ್ನದೆ ಬರಬೇಡಿ. ನಮ್ಮ ಒಗ್ಗರಣೆ ಮಂಡಕ್ಕಿಯ ಒಡಹುಟ್ಟು ಅದು. ಅದರ ಪಕ್ಕದ ಬಜ್ಜಿಯ ಮೆಣಸಿನಕಾಯಿ ಅಮೆರಿಕದ್ದು. ಟೊಮೆಟೊ ಹಾಕಿದ್ದರೆ ಅದೂ ಅಮೆರಿಕದ್ದು. ಆದೋನಿ ಮಾರುಕಟ್ಟೆಗೆ ಗಾಡಿಗಟ್ಟಲೆ ಬರುವ ಕಡಲೆಕಾಯಿಯ ಮೂಲವೂ ದಕ್ಷಿಣ ಅಮೆರಿಕ. ಅಲ್ಲಿ ರಾಶಿ ಬೀಳುವ ಹತ್ತಿಯೂ ಈಗ ಹೆಚ್ಚಾಗಿ ಅಮೆರಿಕದ ಜಾತಿಯದೇ!

1800ರಲ್ಲಿ ನಿಜಾಮ ಇಂಗ್ಲಿಷ್ ಪಡೆಯ ಖರ್ಚಿಗೆಂದು ಆದೋನಿ, ಬಳ್ಳಾರಿ, ಕಡಪ, ಅನಂತಪುರದ ಸೀಮೆಗಳನ್ನು ಬರೆದುಕೊಟ್ಟ. ಅದೇ ದತ್ತ ಮಂಡಲ. ಮೂರೇ ವರ್ಷಕ್ಕೆ, 1803ರಲ್ಲಿ, ನೆಪೋಲಿಯನ್ ಅಮೆರಿಕದ ಲೂಯಿಸಿಯಾನಾ ಪ್ರಾಂತವನ್ನು ಒಂದೂವರೆ ಕೋಟಿ ಡಾಲರಿಗೆ ಮಾರಿದ. ಅಲ್ಲೂ ಇಲ್ಲೂ ಒಂದು ಹನಿ ರಕ್ತವಿಲ್ಲದೆ, ಬರೀ ಕಾಗದದ ಮೇಲೆ ನಾಡುಗಳು ಕೈ ಬದಲಾಯಿಸಿದವು. ಅಲ್ಲಿ ಬಾಳುತ್ತಿದ್ದ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಆ ದತ್ತ ಮಂಡಲಕ್ಕೆ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೊ. ಮಂತ್ರಾಲಯದ ಬೃಂದಾವನದ ಮುಂದೆ ರಾಯರೊಡನೆ ಮಾತಾಡಿದ ಎಂದು ಭಕ್ತರು ಹೇಳುವ ಮನ್ರೊ ಇವನೇ! ಇವನು ಹುಡುಗನಾಗಿ ಮದ್ರಾಸಿಗೆ ಬಂದಿಳಿದದ್ದು 1780ರ ಜನವರಿಯಲ್ಲಿ. ಕೆಲವೇ ತಿಂಗಳಲ್ಲಿ ಸಿಪಾಯಿಯಾಗಿ ಹೋದದ್ದು ಹೈದರನ ಮೇಲಿನ ಯುದ್ಧಕ್ಕೆ, ಆದೋನಿಯ ಕರಾರಿನಿಂದಲೂ ಹೊತ್ತಿಕೊಂಡ ಅದೇ ಯುದ್ಧಕ್ಕೆ! ಇಪ್ಪತ್ತು ವರ್ಷದ ಮೇಲೆ ಆದೋನಿಯೇ ಅವನ ಕೈಗೆ ಬಂತು.

ಮದ್ರಾಸಿನ ಗವರ್ನರ್ ಆದ ಮೇಲೂ ಮನ್ರೊ ಈ ಸೀಮೆಯನ್ನು ಮರೆಯಲಿಲ್ಲ. ಊರಿಗೆ ಹೊರಡುವ ಮುನ್ನ ಕೊನೆಯ ಸಲ ನೋಡಿ ಬರುತ್ತೇನೆಂದು ಬಂದ. ಪತ್ತಿಕೊಂಡದಲ್ಲಿ ಕಾಲರಾ ತಗುಲಿತು. 1827ರ ಜುಲೈ 6ರಂದು ಅಲ್ಲೇ ಪ್ರಾಣ ಬಿಟ್ಟ. ಮೊದಲು ಹೂಳಿದ್ದು ಗುತ್ತಿಯಲ್ಲಿ, ಆಮೇಲೆ ಮದ್ರಾಸಿಗೆ ಒಯ್ದರು.

ಬಸಾಲತ್ ಜಂಗನನ್ನು ಮಾತ್ರ ಎಲ್ಲಿಗೂ ಒಯ್ಯಲಿಲ್ಲ. ಅವನೂ ಅವನ ತಾಯಿಯೂ ಆದೋನಿಯಲ್ಲೇ ಮಲಗಿದ್ದಾರೆ, ಮೇಲೆ ಗೋರಿಯೂ ಮಸೀದಿಯೂ ಇವೆ. ಮಂತ್ರಾಲಯಕ್ಕೆ ಹೋಗುವಾಗ ಒಂದು ಹೊತ್ತು ಆದೋನಿಯಲ್ಲಿ ಇಳಿಯಿರಿ. ಮಕ್ಕಳನ್ನೂ ಕರೆದುಕೊಂಡು ಹೋಗಿ ತೋರಿಸಿ!